ರಿಮ್ ಎಷ್ಟು, ಗಾಳಿ ಎಷ್ಟು? ಫೋರ್ ಬೈ ಫೋರ್ ಗಾಡಿಗಳ ಟೈರ್ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಮನೆ ಮುಂದೆ ಈಗ ಥಾರ್, ಜಿಮ್ನಿ, ಗೂರ್ಖಾದಂಥ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಗಳು ನಿಂತಿರುವುದು ಸಾಮಾನ್ಯ ನೋಟ. ಶನಿವಾರ ಬಂದರೆ ಮುಳಶಿ, ತಾಮ್ಹಿಣಿ ಘಾಟ್, ರಾಜಮಾಚಿ. ಹಬ್ಬ ಬಂದರೆ ನಿಪ್ಪಾಣಿ ದಾಟಿ ಬೆಳಗಾವಿ, ಧಾರವಾಡ, ಅಥವಾ ಸೊಲ್ಲಾಪುರದ ಮೇಲೆ ವಿಜಯಪುರ. ಸಂಘದ ಕಾರ್ಯಕ್ರಮ ಮುಗಿಸಿ ಊಟಕ್ಕೆ ಕೂತಾಗ, ಊರಿಗೆ ಹೋದಾಗ, ರಾತ್ರಿ ಹತ್ತಕ್ಕೆ ಬರುವ ಫೋನಿನಲ್ಲಿ ನನ್ನನ್ನು ಕೇಳುವುದೆಲ್ಲ ಹೆಚ್ಚುಕಡಿಮೆ ಒಂದೇ ವಿಷಯ: ಟೈರು. ಕೇಳಿದವರ ಮಾತನ್ನು ಹಾಗೇ ಇಟ್ಟು ಉತ್ತರ ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿಯ ಭಾರ ಹೊರುವುದು ಟೈರಿನೊಳಗಿನ ಗಾಳಿ. ಟೈರಿನ ಎತ್ತರ ಅಷ್ಟೇ ಇದ್ದು, ಅದು ಕೂರುವ ಲೋಹದ ರಿಮ್ ದೊಡ್ಡದಾದಷ್ಟೂ ಆ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಕೆಳಗಿನ ಉತ್ತರಗಳೆಲ್ಲ ಇಲ್ಲಿಂದಲೇ ಹೊರಡುತ್ತವೆ.

## ಮೊದಲು ತಿಳಿಯಬೇಕಾದದ್ದು

"ಟೈರ್ ಮೇಲೆ 255/65 ಆರ್18 ಅಂತ ಬರೆದಿರ್ತಾರಲ್ಲ, ಅದನ್ನ ಓದೋದು ಹೇಗೆ?"

255 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಟೈರಿನ ಪಕ್ಕೆಯ ಎತ್ತರ. ಇದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 65. ಲೆಕ್ಕ ಹಾಕಿದರೆ ಸುಮಾರು 166 ಮಿ.ಮೀ. ಅಂಗಡಿಯಲ್ಲಿ ಇದನ್ನೇ ಸೈಡ್‌ವಾಲ್ ಎನ್ನುತ್ತಾರೆ. ಆರ್ ಅಂದರೆ ರೇಡಿಯಲ್, ಟೈರಿನ ಒಳಪದರದ ಎಳೆಗಳು ಅಡ್ಡಡ್ಡ ಸಾಗುವ ಬಗೆ. 18 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರೂ ಬಂದಿರುವುದರಿಂದಲೇ ಜನ ತಬ್ಬಿಬ್ಬಾಗುತ್ತಾರೆ.

ಪೂರ್ತಿ ಎತ್ತರ ಬೇಕಾದರೆ ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ, ಪಕ್ಕೆಯ ಎತ್ತರವನ್ನು ಎರಡು ಸಲ ಕೂಡಿಸಿ. 255/65 ಆರ್18ಕ್ಕೆ 457 ಮತ್ತು 332 ಸೇರಿ ಸುಮಾರು 789 ಮಿ.ಮೀ. ಅಂದರೆ 31 ಇಂಚು. ಈ ಲೆಕ್ಕ ಒಂದು ಬಾರಿ ಕೈಗೆ ಹತ್ತಿತೆಂದರೆ ಅಂಗಡಿಯವರು ಹೇಳುವ ಅರ್ಧ ಮಾತನ್ನು ನೀವೇ ಪರೀಕ್ಷಿಸಬಹುದು.

"ನಮ್ಮಪ್ಪನ ಜೀಪಿಗೆ 16 ಇಂಚಿನ ಚಕ್ರ ಇತ್ತು. ಎಂಥಾ ಗುಡ್ಡಾನೂ ಹತ್ತತಿತ್ತು. ಈಗಿನ ಗಾಡಿಗೆ 18, 19 ಯಾಕ ಬೇಕ್ರಿ?"

ಗುಡ್ಡ ಹತ್ತಲು ಬೇಕಿಲ್ಲ. ಬೇರೆ ಕಾರಣಗಳಿಗೆ ಬೇಕಾಗಿದೆ.

ಹಳೆಯ ಜೀಪಿನ 6.00-16 ಟೈರು ಕಿರಿದಾಗಿ, ಎತ್ತರವಾಗಿ, ನಮ್ಮ ಕಡೆಯ ಚಕ್ಕಡಿ ಗಾಲಿಯ ತಮ್ಮನಂತೆ ಇರುತ್ತಿತ್ತು. ಆ ಜೀಪು ಗಂಟೆಗೆ 60 ಕಿ.ಮೀ. ಮುಟ್ಟಿದರೆ ಒಳಗಿದ್ದವರು ಕಂಬಿ ಹಿಡಿದುಕೊಳ್ಳುತ್ತಿದ್ದರು; ಡ್ರಮ್ ಬ್ರೇಕು ಸಾಕಾಗುತ್ತಿತ್ತು. ಇವತ್ತಿನ ಗಾಡಿ ಎರಡು ಟನ್ ತೂಗುತ್ತದೆ, ಎಕ್ಸ್‌ಪ್ರೆಸ್‌ವೇ ಮೇಲೆ ನೂರರಲ್ಲಿ ಓಡುತ್ತದೆ. ಅದನ್ನು ನಿಲ್ಲಿಸಲು ದೊಡ್ಡ ಡಿಸ್ಕು, ಅದನ್ನು ಹಿಡಿಯುವ ದಪ್ಪ ಕ್ಯಾಲಿಪರ್ ಬೇಕು. ಅವೆರಡೂ ರಿಮ್ಮಿನ ಒಳಗೇ ಕೂರಬೇಕು. ಆದ್ದರಿಂದ ರಿಮ್ ಸ್ವಲ್ಪ ಬೆಳೆದದ್ದು ನ್ಯಾಯವೇ. ಪಕ್ಕೆ ಗಿಡ್ಡವಾದರೆ ಡಾಂಬರಿನ ತಿರುವಿನಲ್ಲಿ ಟೈರು ಕಡಿಮೆ ಬಾಗುತ್ತದೆ, ಸ್ಟಿಯರಿಂಗ್ ತಕ್ಷಣ ಉತ್ತರ ಕೊಡುತ್ತದೆ. ಇದೂ ನಿಜವಾದ ಲಾಭ.

ಆದರೆ ಒಂದು ಹಂತ ದಾಟಿದ ಮೇಲೆ ಕಾರಣ ಬ್ರೇಕಲ್ಲ, ನೋಟ. ಬಾನೆಟ್ ಎತ್ತರವಾಯಿತು, ಬಾಗಿಲು ಎತ್ತರವಾಯಿತು. ಅದರ ಕೆಳಗೆ ಸಣ್ಣ ರಿಮ್ ಇಟ್ಟರೆ ಗಾಡಿ ಚಪ್ಪಲಿ ಚಿಕ್ಕದಾದ ಆಳಿನಂತೆ ಕಾಣುತ್ತದೆ. ಲ್ಯಾಂಡ್ ರೋವರ್ ಡಿಫೆಂಡರನ್ನೇ ನೋಡಿ. ಅದರ ಟೈರ್ ಅಳತೆಗಳಲ್ಲಿ 255/70 ಆರ್18, 255/65 ಆರ್19, 255/60 ಆರ್20 ಮೂರೂ ಇವೆ. ಮೇಲಿನ ಲೆಕ್ಕ ಹಾಕಿ ನೋಡಿ, ಮೂರರ ಎತ್ತರವೂ 814 ಮಿ.ಮೀ. ಗಾಡಿ ಒಂದೇ, ಎತ್ತರ ಒಂದೇ. ಬದಲಾದದ್ದು ಲೋಹ ಎಷ್ಟು, ಗಾಳಿ ಎಷ್ಟು ಎಂಬ ಪಾಲು ಮಾತ್ರ. 18ರಲ್ಲಿ ಪಕ್ಕೆ 178 ಮಿ.ಮೀ., 20ರಲ್ಲಿ 153.

"ರಿಮ್ ದೊಡ್ಡದಾದ್ರ ಗಾಡಿ ಎತ್ತರ ಆಗ್ತದಲ್ಲ?"

ಇಲ್ಲ. ಟೈರಿನ ಪೂರ್ತಿ ವ್ಯಾಸ ಹೆಚ್ಚಿದರೆ ಮಾತ್ರ ಎತ್ತರವಾಗುತ್ತದೆ, ಅದೂ ಹೆಚ್ಚಿದ್ದರ ಅರ್ಧದಷ್ಟು. ವ್ಯಾಸ 20 ಮಿ.ಮೀ. ಹೆಚ್ಚಾದರೆ ನೆಲದಿಂದ ಸಿಗುವುದು 10.

"ಎ/ಟಿ, ಎಂ/ಟಿ, ಎಚ್/ಟಿ ಅಂತಾರೆ. ನನಗೆ ಯಾವುದು ಸಾಕು?"

ಎಚ್/ಟಿ ಹೆದ್ದಾರಿಗೆ, ಎಂ/ಟಿ ಕೆಸರು-ಬಂಡೆಗೆ, ಎ/ಟಿ ಎರಡರ ನಡುವೆ. ವಾರವೆಲ್ಲ ಹಿಂಜವಡಿ ಟ್ರಾಫಿಕ್ಕಿನಲ್ಲಿದ್ದು ತಿಂಗಳಿಗೊಮ್ಮೆ ಘಾಟು ಹತ್ತುವವರಿಗೆ ಎ/ಟಿ ಸಾಕು. ಎಂ/ಟಿ ಟೈರಿನ ದೊಡ್ಡ ರಬ್ಬರ್ ಗಟ್ಟಿಗಳು ಹೆದ್ದಾರಿಯಲ್ಲಿ ಗುಂಯ್‌ಗುಡುತ್ತವೆ. ಅದಕ್ಕಿಂತ ಮುಖ್ಯವಾಗಿ, ಮಳೆಯಲ್ಲಿ ನುಣ್ಣನೆಯ ಡಾಂಬರಿನ ಮೇಲೆ ಬ್ರೇಕ್ ಹಾಕಿದಾಗ ಹೆಚ್ಚು ದೂರ ಜಾರುತ್ತವೆ. ಜುಲೈ ತಿಂಗಳ ಖಂಡಾಳಾದಲ್ಲಿ ಅದು ಸಣ್ಣ ಮಾತಲ್ಲ.

## ಕೊಳ್ಳುವಾಗ, ಬದಲಿಸುವಾಗ

"ಥಾರ್ ರಾಕ್ಸ್ ಟಾಪ್ ಮಾಡೆಲ್‌ಗೆ 19 ಇಂಚು, ಕೆಳಗಿನದಕ್ಕೆ 18. ಬರೀ ಟೈರಿಗೋಸ್ಕರ ಕೆಳಗಿನ ಮಾಡೆಲ್ ತಗೊಳ್ಳೋದಾ?"

ಬರೀ ಟೈರಿಗಾಗಿ ಬೇಡ. ಸುರಕ್ಷತೆಯ ಸಲಕರಣೆ, ಡಿಫರೆನ್ಷಿಯಲ್ ಲಾಕ್ (ಒಂದು ಚಕ್ರ ಜಾರಿದರೂ ಜೊತೆಯ ಚಕ್ರ ತಿರುಗುವಂತೆ ಎರಡನ್ನೂ ಬಿಗಿಯುವ ಸಾಧನ) ಯಾವುದರಲ್ಲಿದೆ ಎಂದು ಮೊದಲು ನೋಡಿ. ಆದರೆ ಎರಡರ ಎತ್ತರ ಒಂದೇ ಎಂಬುದು ಗೊತ್ತಿರಲಿ: 255/65 ಆರ್18 ಮತ್ತು 255/60 ಆರ್19 ಎರಡೂ 789 ಮಿ.ಮೀ. ಪಕ್ಕೆಯಲ್ಲಿ 13 ಮಿ.ಮೀ. ವ್ಯತ್ಯಾಸ. ಕಾತ್ರಜಿನ ಗುಂಡಿಯ ಅಂಚು ರಿಮ್ಮಿಗೆ ಬಡಿಯದೆ ಉಳಿಯುವುದು ಆ 13 ಮಿಲಿಮೀಟರಿನಲ್ಲೇ.

ಇನ್ನೊಂದು ಲೆಕ್ಕವೂ ಇದೆ. 19 ಇಂಚಿನ ಟೈರು ಸಣ್ಣ ಊರಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬೊಲೆರೊ ಗಾಡಿಯ 215/75 ಆರ್15 ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಭಾನುವಾರ ಸಂಜೆ ಕರಾಡದ ಆಚೆ ಟೈರು ಹರಿದು ನಿಂತವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಪುಣೆ ಹತ್ತಿರದ ರಾಂಜಣಗಾವಿನಲ್ಲಿ 2021ರಿಂದ ಜೋಡಣೆಯಾಗುವ ಜೀಪ್ ರ‍್ಯಾಂಗ್ಲರ್ ಇದಕ್ಕೆ ಒಳ್ಳೆಯ ಪಾಠ. ಅದರಲ್ಲಿ ಅತಿ ಒರಟು ದಾರಿಗೆಂದು ಮಾಡಿದ ರೂಬಿಕಾನ್‌ಗೆ 255/75 ಆರ್17, ಅದಕ್ಕಿಂತ ಮೆತ್ತನೆಯ ಅನ್‌ಲಿಮಿಟೆಡ್‌ಗೆ 255/70 ಆರ್18. ಬೆಲೆ ಹೆಚ್ಚಿನ, ಕೆಲಸ ಹೆಚ್ಚಿನ ಗಾಡಿಗೆ ಸಣ್ಣ ರಿಮ್. ಮಾಡುವವರಿಗೆ ವಿಷಯ ಚೆನ್ನಾಗಿ ಗೊತ್ತಿದೆ.

"ಜಿಮ್ನಿ ಟೈರ್ ನೋಡಿದ್ರೆ ಸಪೂರ ಕಾಣ್ತದೆ ಮಾರಾಯ್ರೆ. ಎಷ್ಟರವರೆಗೆ ದೊಡ್ಡದು ಹಾಕ್ಬಹುದು?"

ಜಿಮ್ನಿಯದು 195/80 ಆರ್15, ಎತ್ತರ 693 ಮಿ.ಮೀ. ಸುಮಾರು 1,200 ಕೆ.ಜಿ. ತೂಗುವ ಗಾಡಿಗೆ ಅದು ಕಡಿಮೆಯಲ್ಲ. ಕಣ್ಣಿಗೆ ಸಪೂರ ಕಂಡರೂ ಕೆಲಸಕ್ಕೆ ಗಟ್ಟಿ. ಆದರೂ ಬದಲಿಸುವುದಾದರೆ ಎರಡು ದಾರಿ.

215/75 ಆರ್15 ಹಾಕಿದರೆ ವ್ಯಾಸ ಶೇ. 1.5ರಷ್ಟು ಹೆಚ್ಚುತ್ತದೆ, ನೆಲದಿಂದ 5 ಮಿ.ಮೀ. ಸಿಗುತ್ತದೆ. ವೇಗದ ಮೀಟರಿನಲ್ಲಿ, ಎಂಜಿನ್ನಿನ ಎಳೆತದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮೇಲೆ ಹೇಳಿದ ಬೊಲೆರೊ ಅಳತೆಯೇ ಇದು, ಎಲ್ಲೆಡೆ ಸಿಗುತ್ತದೆ. ನನ್ನನ್ನು ಕೇಳಿದರೆ ಇಲ್ಲಿಗೇ ನಿಲ್ಲಿಸಿ. ಆದರೆ ಇದೂ ಜಿಮ್ನಿಗೆ ಕಂಪನಿ ಕೊಟ್ಟ ಅಳತೆಯಲ್ಲ; ಕಾಯ್ದೆಯ ಮಾತು ಕೆಳಗಿದೆ, ಅದನ್ನೂ ಓದಿ.

235/75 ಆರ್15 ಹಾಕಿದರೆ ವ್ಯಾಸ 733 ಮಿ.ಮೀ. ದಾಟುತ್ತದೆ, ಅಂದರೆ ಶೇ. 6ರ ಹತ್ತಿರ. ನೆಲದಿಂದ 20 ಮಿ.ಮೀ. ಸಿಗುತ್ತದೆ ನಿಜ. ಅದಕ್ಕೆ ಕೊಡುವ ಬೆಲೆ ನೋಡಿ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಪ್ರತಿ ಗೇರೂ ಶೇ. 6ರಷ್ಟು ಉದ್ದವಾದ ಹಾಗೆ. 1.5 ಲೀಟರಿನ, 134 ನ್ಯೂಟನ್ ಮೀಟರ್ ಎಳೆತದ ಪೆಟ್ರೋಲ್ ಎಂಜಿನ್ ಅದನ್ನು ವರಂಧಾ ಘಾಟಿನ ಏರಿನಲ್ಲಿ ಹೇಳಿ ತೋರಿಸುತ್ತದೆ. ಲೋ ರೇಂಜಿನಲ್ಲಿ, ಅಂದರೆ ನಿಧಾನ ವೇಗದ, ಹೆಚ್ಚು ಎಳೆತದ ಗೇರಿನಲ್ಲಿ, ಇಳಿಜಾರು ಇಳಿಯುವಾಗ ಎಂಜಿನ್ನಿನ ತಡೆ ಕೂಡ ಅಷ್ಟೇ ಕಡಿಮೆಯಾಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸುವ ಕಡೆಗೆ ವಾಲುತ್ತದೆ. ಭಾರವಾದ ಟೈರನ್ನು ತಿರುಗಿಸಲು ಎಂಜಿನ್ನೂ ನಿಲ್ಲಿಸಲು ಬ್ರೇಕೂ ಹೆಚ್ಚು ದುಡಿಯಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಬಹುದು; ಆಗ ಗಾಡಿಯ ಮೈ ಎತ್ತರಿಸುವ ಲಿಫ್ಟ್ ಕಿಟ್ ಮಾತು ಬರುತ್ತದೆ. ಒಂದಕ್ಕೆ ಇನ್ನೊಂದು ಗಂಟು ಬೀಳುತ್ತಲೇ ಹೋಗುತ್ತದೆ.

"ಅಗಲ ಟೈರ್ ಹಾಕಿದ್ರೆ ಕೆಸರಲ್ಲಿ ಹೂತುಹೋಗಲ್ಲ ಅಲ್ವಾ ಸರ್?"

ಯಾವ ಕೆಸರು ಎಂಬುದರ ಮೇಲೆ ಹೋಗುತ್ತದೆ. ನಾವು ಓಡಾಡುವ ಸೀಮೆಯಲ್ಲೇ ಮೂರು ಬಗೆಯ ನೆಲವಿದೆ.

ಕೊಂಕಣ, ಗೋವಾ, ನಮ್ಮ ಕರಾವಳಿಯದು ಜಂಬಿಟ್ಟಿಗೆಯ ಕೆಂಪು ನೆಲ. ಮಳೆಗಾಲದಲ್ಲಿ ಮೇಲೆ ನಾಲ್ಕಾರು ಇಂಚು ರಾಡಿ, ಕೆಳಗೆ ಗಟ್ಟಿ ಕಲ್ಲು. ಇಲ್ಲಿ ಕಿರಿದಾದ ಟೈರೇ ವಾಸಿ. ಅದು ರಾಡಿಯನ್ನು ಸೀಳಿ ಕೆಳಗಿನ ಗಟ್ಟಿಯನ್ನು ಮುಟ್ಟುತ್ತದೆ. ಅಗಲದ್ದು ರಾಡಿಯ ಮೇಲೆ ತೇಲಿ ಅಡ್ಡಡ್ಡ ಜಾರುತ್ತದೆ. ಗೋವಾದ ಕುಳೆಂನಿಂದ ದೂಧ್‌ಸಾಗರಕ್ಕೆ ಜನರನ್ನು ಹೊತ್ತು ಹೊಳೆ ದಾಟುವ ಜೀಪುಗಳನ್ನು ಗಮನಿಸಿ. ಅಗಲ ಟೈರಿನ ಠೀವಿ ಅವಕ್ಕಿಲ್ಲ. ದಾರಿ ಬಲ್ಲ ಚಾಲಕರಿದ್ದಾರೆ.

ಮರಳಿನದು ಬೇರೆ ಕಥೆ. ಕೆಳಗೆ ಗಟ್ಟಿ ನೆಲವೇ ಇಲ್ಲ, ತೇಲಲೇಬೇಕು. ಅಗಲ ಸಹಾಯ ಮಾಡುತ್ತದೆ, ಗಾಳಿ ಇಳಿಸುವುದು ಅದಕ್ಕಿಂತ ಹೆಚ್ಚು ಸಹಾಯ ಮಾಡುತ್ತದೆ.

ಮೂರನೆಯದು ನಮ್ಮ ಎರೆ. ಸೊಲ್ಲಾಪುರ ದಾಟಿ ಇಂಡಿ, ಸಿಂದಗಿ ಕಡೆ ಹೋದವರಿಗೆ ಗೊತ್ತು. ಒಂದು ಮಳೆ ಬಿದ್ದರೆ ಎರೆಮಣ್ಣು ಉಬ್ಬಿ ಅಂಟಾಗಿ ಟೈರಿನ ಗೀರುಗಳನ್ನೆಲ್ಲ ತುಂಬಿಬಿಡುತ್ತದೆ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಎಂ/ಟಿ ಟೈರು ಕೂಡ ನುಣುಪಾದ ಉಂಡೆ. ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ; ಅಗಲ ಟೈರಿಗೆ ಅಲ್ಲಿ ಜಾಗ ಇನ್ನೂ ಕಡಿಮೆ. ಹಸಿ ಎರೆಗೆ ಟೈರಿನ ಅಳತೆಯಲ್ಲಿ ಉತ್ತರವಿಲ್ಲ. ನಮ್ಮ ಹಿರಿಯರು ಮಳೆ ಬಿದ್ದ ಮರುದಿನ ಹೊಲಕ್ಕೆ ಚಕ್ಕಡಿ ಹೂಡುತ್ತಿರಲಿಲ್ಲ. ನೀವೂ ಒಂದು ದಿನ ಬಿಸಿಲು ಕಾಯಿರಿ.

"ದೊಡ್ಡ ಟೈರ್ ಹಾಕಿದ್ರೆ ಆರ್‌ಟಿಒದವ್ರು ಹಿಡೀತಾರಾ?"

ಹಿಡಿಯಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಮೂಲತಃ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದಾಯಿತು. ಅಪಘಾತವಾದಾಗ ವಿಮೆಯವರು ಟೈರಿನ ಅಳತೆಯ ಪ್ರಶ್ನೆ ಎತ್ತಲೂ ಅವಕಾಶ ಕೊಟ್ಟಂತಾಗುತ್ತದೆ. ಅದೇ ಮಾಡೆಲ್ಲಿನ ಬೇರೆ ಬೇರೆ ದರ್ಜೆಗಳಿಗೆ ಕಂಪನಿಯೇ ಕೊಟ್ಟ ಅಳತೆಗಳೊಳಗೆ ಆರಿಸಿಕೊಳ್ಳುವುದು ನೆಮ್ಮದಿ. ಉದಾಹರಣೆಗೆ ಮೂರು ಬಾಗಿಲಿನ ಥಾರ್ 2020ರಲ್ಲಿ ಬಂದಾಗ 245/75 ಆರ್16, 255/65 ಆರ್18 ಎರಡರಲ್ಲೂ ಸಿಗುತ್ತಿತ್ತು.

## ದಾರಿ ಬಿಟ್ಟು ಇಳಿದ ಮೇಲೆ

"ಗಾಳಿ ಇಳಿಸಬೇಕು ಅಂತಾರೆ. ಎಷ್ಟು ಇಳಿಸೋದು, ಯಾಕೆ?"

ನಾನು ಅತಿ ಹೆಚ್ಚು ಒತ್ತಿ ಹೇಳುವ ಮಾತು ಇದು. ಲಕ್ಷ ರೂಪಾಯಿಯ ಟೈರು ಕೊಡದ್ದನ್ನು ಪುಕ್ಕಟೆ ಗಾಳಿ ಇಳಿಸಿ ಪಡೆಯಬಹುದು.

ಗಾಳಿ ಇಳಿಸಿದಾಗ ನೆಲ ಮುಟ್ಟುವ ಟೈರಿನ ಹೆಜ್ಜೆ ದೊಡ್ಡದಾಗುತ್ತದೆ. ಜನ ಅಂದುಕೊಂಡಂತೆ ಅದು ಅಡ್ಡಕ್ಕೆ ಅಷ್ಟಾಗಿ ಹರಡುವುದಿಲ್ಲ, ಉದ್ದಕ್ಕೆ ಚಾಚುತ್ತದೆ. ಹೆಜ್ಜೆ ಉದ್ದವಾದಷ್ಟೂ ಭಾರ ಹಂಚಿಹೋಗುತ್ತದೆ. ಚೂಪು ಕಲ್ಲಿನ ಮೇಲೆ ಟೈರು ಪುಟಿಯುವ ಬದಲು ಅದನ್ನು ತಬ್ಬಿಕೊಂಡು ದಾಟುತ್ತದೆ. ಒಳಗೆ ಕೂತವರ ಸೊಂಟಕ್ಕೂ ಕ್ಷೇಮ. ಎತ್ತರದ ಪಕ್ಕೆ ಬೇಕು ಎಂದು ನಾನು ಬಡಬಡಿಸುವುದು ಇದಕ್ಕೇ. ಪಕ್ಕೆಯೇ ಇಲ್ಲದಿದ್ದರೆ ಬಾಗುವುದು ಏನು? 22 ಇಂಚಿನ ರಿಮ್ಮಿನ ಗಾಡಿಯಲ್ಲಿ ಗಾಳಿ ಇಳಿಸಿದರೆ ಮೊದಲ ಕಲ್ಲಿಗೇ ರಿಮ್ ಬಡಿಯುತ್ತದೆ.

ರಸ್ತೆಯಲ್ಲಿ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಡುವ ಗಾಡಿಗೆ ನಾನು ಬಳಸುವ ಅಂಕಿಗಳು ಇವು. ಕಲ್ಲುಮಣ್ಣಿನ ದಾರಿಗೆ 24ರಿಂದ 26. ಕೆಸರಿಗೆ 20ರ ಆಸುಪಾಸು. ಆಳವಾದ ಮರಳಿಗೆ 15ರಿಂದ 18. ಅದಕ್ಕಿಂತ ಕೆಳಗೆ ಹೋದರೆ ಟೈರಿನ ಅಂಚು ರಿಮ್ ಬಿಟ್ಟು ಕಳಚಿಕೊಳ್ಳುವ ಭಯ. ಇಳಿಸಿದ ಮೇಲೆ ಗಂಟೆಗೆ 30 ಕಿ.ಮೀ. ದಾಟಬೇಡಿ, ಸ್ಟಿಯರಿಂಗನ್ನು ಥಟ್ಟನೆ ತಿರುಗಿಸಬೇಡಿ.

ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬಲೇಬೇಕು. ಕಡಿಮೆ ಗಾಳಿಯ ಟೈರು ಪ್ರತಿ ಸುತ್ತಿಗೂ ಬಾಗಿ ಬಿಸಿಯಾಗುತ್ತದೆ. ಎಕ್ಸ್‌ಪ್ರೆಸ್‌ವೇ ವೇಗದಲ್ಲಿ ಆ ಬಿಸಿ ಟೈರನ್ನು ಸಿಡಿಸುತ್ತದೆ. ಗಾಡಿಯ 12 ವೋಲ್ಟಿಗೆ ಹಾಕುವ ಕಂಪ್ರೆಸರ್ ಮತ್ತು ನಂಬಬಹುದಾದ ಒಂದು ಗೇಜು ಇಲ್ಲದೆ ಗಾಳಿ ಇಳಿಸಬೇಡಿ. ಟೈರು ತಣ್ಣಗಿರುವಾಗಿನ ಅಂಕಿಯೇ ನಿಜವಾದ ಅಂಕಿ.

"ರಾಜಮಾಚಿ ದಾರಿಲಿ ಟೈರಿನ ಪಕ್ಕ ಹರಿದುಹೋಯ್ತು. ಪ್ಯಾಚ್ ಹಾಕಿಸಿದ್ರೆ ನಡೆಯುತ್ತಾ?"

ನಡೆಯುವುದಿಲ್ಲ. ನೆಲ ಮುಟ್ಟುವ ಭಾಗದ ತೂತಿಗೆ ಪಂಕ್ಚರ್ ಹಾಕಬಹುದು. ಪಕ್ಕೆ ಸದಾ ಬಾಗುತ್ತಿರುತ್ತದೆ, ಅಲ್ಲಿ ಹಾಕಿದ್ದು ನಿಲ್ಲುವುದಿಲ್ಲ. ಲೋಣಾವಳದಿಂದ ರಾಜಮಾಚಿಗೆ ಹೋಗುವ ದಾರಿಯ ಕಲ್ಲು ಸಹ್ಯಾದ್ರಿಯ ಕಪ್ಪು ಬಸಾಲ್ಟ್. ಒಡೆದರೆ ಅಂಚು ಕೊಡಲಿಯಷ್ಟು ಹರಿತ. ಗಾಳಿ ಇಳಿಸಿದ ಟೈರಿನ ಪಕ್ಕೆ ಹೊರಗೆ ಉಬ್ಬಿರುತ್ತದೆ, ಆ ಅಂಚಿಗೆ ಸಿಗುತ್ತದೆ. ಹಾಗಾಗಿ ಬಸಾಲ್ಟಿನ ದಾರಿಯಲ್ಲಿ ನಾನು 24ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಕಲ್ಲನ್ನು ಬದಿಯಿಂದ ಸವರಿಕೊಂಡು ಹೋಗುವುದಕ್ಕಿಂತ ಅದರ ನೆತ್ತಿಯ ಮೇಲೆಯೇ ಟೈರು ಹತ್ತಿಸುವುದು ಲೇಸು.

ಕೆಲವು ವರ್ಷಗಳ ಹಿಂದೆ ಅದೇ ದಾರಿಯಲ್ಲಿ ನನ್ನ ಟೈರೂ ಹರಿಯಿತು. ಒಂದು ಅಂಗಡಿಯಲ್ಲಿ ಒಳಗಿನಿಂದ ಪ್ಯಾಚ್ ಹಾಕಿ "ಊರಿಗೆ ಹೋಗಿಬನ್ನಿ, ಏನೂ ಆಗಲ್ಲ" ಎಂದರು. ಮಕ್ಕಳನ್ನು ಕೂರಿಸಿಕೊಂಡು ಹೊರಟವನು ಸಾತಾರಾ ಮುಟ್ಟುವ ಮೊದಲೇ ಪಕ್ಕೆ ನಿಂಬೆಹಣ್ಣಿನಷ್ಟು ಉಬ್ಬಿದ್ದನ್ನು ಕಂಡೆ. ಆ ಟೈರನ್ನು ಅಲ್ಲೇ ಬಿಚ್ಚಿಸಿದೆ. ಇವತ್ತಿಗೂ ಆ ಉಬ್ಬು ಕಣ್ಣಮುಂದೆ ಬರುತ್ತದೆ.

"ಗೋವಾ ಬೀಚಲ್ಲಿ ಓಡ್ಸೋಕೆ ಯಾವ ಸೈಜ್ ಒಳ್ಳೇದು?"

ಯಾವುದೂ ಅಲ್ಲ. ಗೋವಾದ ಕಡಲತೀರದಲ್ಲಿ ಗಾಡಿ ಓಡಿಸುವುದು ಅಪರಾಧ, ಪೊಲೀಸರು ಕೇಸು ಹಾಕುತ್ತಾರೆ. ಮೊರ್ಜಿ, ಗಾಲ್ಜಿಬಾಗ್, ಅಗೊಂದಾ ತೀರಗಳಲ್ಲಿ ಕಡಲಾಮೆಗಳು ಮರಳಿನೊಳಗೆ ಮೊಟ್ಟೆಯಿಡುತ್ತವೆ. ಮೇಲಿನಿಂದ ಅದು ಕಾಣುವುದೇ ಇಲ್ಲ. ದಯವಿಟ್ಟು ಬೇಡ.

## ಇನ್ನೂ ಆಳಕ್ಕೆ

"ಅಲಾಯ್ ಹೊರಗೆ ಚಾಚಿರೋ ಹಾಗೆ ಹಾಕಿಸ್ಬೇಕು ಅಂತಿದೀನಿ. ಸ್ಪೇಸರ್ ಹಾಕಿದ್ರೆ ತೊಂದ್ರೆನಾ?"

ರಿಮ್ಮಿಗೂ ಅದನ್ನು ಬೋಲ್ಟಿನಿಂದ ಬಿಗಿಯುವ ಹಬ್ಬಿಗೂ ನಡುವೆ ಇಟ್ಟು ಚಕ್ರವನ್ನು ಹೊರಗೆ ತಳ್ಳುವ ಲೋಹದ ಬಿಲ್ಲೆಯೇ ಸ್ಪೇಸರ್. ರಿಮ್ಮಿನ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ಅಂತರವೇ ಆಫ್‌ಸೆಟ್. ಅದನ್ನು ಲೆಕ್ಕ ಹಾಕಿಯೇ ಕಂಪನಿ ಬೇರಿಂಗ್, ಸಸ್ಪೆನ್ಷನ್, ಸ್ಟಿಯರಿಂಗ್ ಕೋನ ಹೊಂದಿಸಿರುತ್ತದೆ. ಚಕ್ರ ಹೊರಗೆ ಹೋದಷ್ಟೂ ಹಿಡಿ ಉದ್ದವಾದ ಸನಿಕೆಯಂತೆ ಬೇರಿಂಗಿನ ಮೇಲೆ ಹೊರೆ ಏರುತ್ತದೆ, ಗುಂಡಿ ಸಿಕ್ಕಾಗ ಸ್ಟಿಯರಿಂಗ್ ಕೈಯಿಂದ ಜಗ್ಗುತ್ತದೆ. ಅಗ್ಗದ ಸ್ಪೇಸರಿನ ಬೋಲ್ಟು ಸಡಿಲವಾಗಿ ಚಕ್ರವೇ ಕಳಚಿದ್ದನ್ನು ಕಂಡಿದ್ದೇನೆ. ಬೇಡ ಎನ್ನುವುದೇ ನನ್ನ ಉತ್ತರ.

"ಎಲ್‌ಟಿ ಅಂತ ಬರೆದಿರೋ ಟೈರ್ ಗಟ್ಟಿ ಅಂತೆ. ಹಾಕ್ಲಾ?"

ಎಲ್‌ಟಿ ಅಂದರೆ ಲೈಟ್ ಟ್ರಕ್, ಸಣ್ಣ ಟ್ರಕ್ಕುಗಳ ಬಗೆಯ ಟೈರು. ಗಟ್ಟಿ ಹೌದು, ಪದರ ಹೆಚ್ಚು, ಕಲ್ಲಿಗೆ ಸುಲಭಕ್ಕೆ ಹರಿಯದು. ಆದರೆ ತೂಕ ಹೆಚ್ಚು, ಬಾಗುವುದು ಕಡಿಮೆ. ಅದೇ ಭಾರ ಹೊರಲು ಮಾಮೂಲಿ ಟೈರಿಗಿಂತ ಕೆಲವು ಪಿಎಸ್‌ಐ ಹೆಚ್ಚು ಗಾಳಿ ಬೇಕಾಗುತ್ತದೆ, ಬಾಗಿಲ ಪಕ್ಕ ಕಂಪನಿ ಅಂಟಿಸಿದ ಚೀಟಿಯಲ್ಲಿನ ಗಾಳಿಯ ಅಂಕಿ ಅದಕ್ಕೆ ಹೊಂದುವುದಿಲ್ಲ. ಲ್ಯಾಡರ್ ಫ್ರೇಮಿನ (ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ) ಭಾರದ ಗಾಡಿ, ತುಂಬಾ ಸಾಮಾನು, ಪದೇ ಪದೇ ಬಸಾಲ್ಟ್ ದಾರಿ ಇದ್ದರೆ ಯೋಚಿಸಿ. ಜಿಮ್ನಿಯಂಥ ಹಗುರ ಗಾಡಿಗೆ ಅದು ಅತಿಯಾಯಿತು. ಯಾವುದೇ ಟೈರು ಕೊಳ್ಳುವಾಗ ಅಳತೆಯ ಪಕ್ಕದ ಭಾರಸೂಚಿ ಮೂಲ ಟೈರಿಗಿಂತ ಕಡಿಮೆ ಇರಕೂಡದು. 100 ಅಂದರೆ ಒಂದು ಟೈರು 800 ಕೆ.ಜಿ., 112 ಅಂದರೆ 1,120 ಕೆ.ಜಿ. ಹೊರಬಲ್ಲದು.

"ನಾಲ್ಕು ಹೊಸದು ಹಾಕ್ಸಿ ಸ್ಟೆಪ್ನಿ ಹಳೇ ಸೈಜೇ ಇಟ್ಕೊಂಡ್ರೆ?"

ಉಳಿಸಿದ ದುಡ್ಡಿಗಿಂತ ಕಳೆಯುವುದು ಹೆಚ್ಚು. ಫೋರ್ ಬೈ ಫೋರ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ಲುಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಒಂದು ಚಕ್ರದ ಸುತ್ತಳತೆ ಬೇರೆಯಾದರೆ ಆ ವ್ಯತ್ಯಾಸವನ್ನು ಎಂಜಿನ್ನಿನ ಬಲವನ್ನು ಎರಡೂ ಆಕ್ಸಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳು ನುಂಗಬೇಕು. ಚಕ್ರ ಜಾರದಂತೆ, ಗಾಡಿ ದಾರಿ ತಪ್ಪದಂತೆ ನೋಡಿಕೊಳ್ಳುವ ಎಬಿಎಸ್, ಇಎಸ್‌ಪಿ ಕೂಡ ಆ ಚಕ್ರ ಜಾರುತ್ತಿದೆ ಎಂದು ತಪ್ಪು ತಿಳಿಯುತ್ತವೆ. ಐದನ್ನೂ ಒಂದೇ ಅಳತೆಯಲ್ಲಿ ಕೊಳ್ಳಿ, ಸುಮಾರು 10,000 ಕಿ.ಮೀ.ಗೊಮ್ಮೆ ಸ್ಟೆಪ್ನಿಯನ್ನೂ ಸೇರಿಸಿ ಜಾಗ ಬದಲಿಸಿ.

"19 ತೆಗೆದು 18 ಅಥವಾ 17 ಹಾಕ್ಬೇಕು ಅನ್ನಿಸ್ತಿದೆ. ಬ್ರೇಕಿಗೆ ತಾಗುತ್ತೋ ಇಲ್ವೋ ಗೊತ್ತಾಗೋದು ಹೇಗೆ?"

ಮನಸ್ಸು ಒಳ್ಳೆಯ ಕಡೆಗೇ ಹೋಗಿದೆ. ನಿಮ್ಮದೇ ಮಾಡೆಲ್ಲಿನ ಕೆಳಗಿನ ದರ್ಜೆಗೆ 18 ಬರುತ್ತಿದ್ದರೆ, ಎರಡಕ್ಕೂ ಬ್ರೇಕ್ ಒಂದೇ ಎಂದು ಸರ್ವಿಸ್ ಸೆಂಟರಿನಲ್ಲಿ ಖಚಿತ ಮಾಡಿಕೊಂಡು ಆ ರಿಮ್ಮನ್ನೇ ಕೊಳ್ಳಿ. ಕಂಪನಿ ಕೊಡದ 17ಕ್ಕೆ ಇಳಿಯುವ ಮಾತಿದ್ದರೆ ಮೇಲೆ ಹೇಳಿದ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ರಿಮ್ಮಿನ ಹೆಸರಳತೆ ಒಂದೇ ಆದರೂ ಒಳಗಿನ ಆಕಾರ ಒಂದೊಂದು ವಿನ್ಯಾಸಕ್ಕೆ ಒಂದೊಂದು ಥರ ಎಂಬುದೂ ನೆನಪಿರಲಿ.

ಹಣ ಕೊಡುವ ಮೊದಲು ಟೈರಿಲ್ಲದ ಬರೀ ರಿಮ್ಮನ್ನು ಮುಂದಿನ ಹಬ್ಬಿಗೆ ಕೂರಿಸಿ. ಮುಂದೆ ಡಿಸ್ಕು ದೊಡ್ಡದು, ಹಿಂದೆ ಹಿಡಿಸಿದ್ದು ಮುಂದೆ ಹಿಡಿಸದಿರಬಹುದು. ನಟ್ಟುಗಳನ್ನೆಲ್ಲ ಬಿಗಿದು ಕೈಯಿಂದ ಪೂರ್ತಿ ಸುತ್ತು ತಿರುಗಿಸಿ. ಕ್ಯಾಲಿಪರಿಗೂ ರಿಮ್ಮಿಗೂ, ಕ್ಯಾಲಿಪರಿಗೂ ಅಲಾಯ್ ಕಡ್ಡಿಗಳಿಗೂ ನಡುವೆ ಕಿರುಬೆರಳಿನ ಉಗುರಿನ ಭಾಗ ಸಲೀಸಾಗಿ ಹೋಗಬೇಕು. ಸ್ಟಿಯರಿಂಗ್ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕೊನೆಯವರೆಗೆ ತಿರುಗಿಸಿ ಮತ್ತೆ ನೋಡಿ. ಎಲ್ಲಾದರೂ ಕಿರ್ ಎಂದರೆ, ಅಂಗಡಿಯವರು ಎಷ್ಟೇ ಧೈರ್ಯ ಹೇಳಲಿ, ಆ ರಿಮ್ ಬಿಚ್ಚಿಸಿ ವಾಪಸು ಕೊಡಿ.